ಮೂವತ್ತೇಳು ಡಿಗ್ರಿಯ ಕಿಟಕಿ

ಮೀಟರಿನ ಮುಳ್ಳು ಮತ್ತೆ ಎದ್ದಿತು.

ನಾಹಿದಾ ಒಂದು ಹೆಜ್ಜೆ ಹಿಂದೆ ಸರಿದಳು; ಮುಳ್ಳು ಮಲಗಿತು. ಅದೇ ಹೆಜ್ಜೆಯನ್ನು ಮುಂದಿಟ್ಟಳು. ಮುಳ್ಳು ಎದ್ದು, ಕೊನೆಯ ಗೆರೆಯ ಹತ್ತಿರ ಹೋಗಿ, ನಡುಗುತ್ತ ನಿಂತಿತು.

ಹತ್ತು ಗಂಟೆಯ ಬಿಸಿಲು ಬೆಂಗೇರಿಯ ಆ ಟೆರೇಸನ್ನು ಆಗಲೇ ರೊಟ್ಟಿ ಹಂಚಿನಂತೆ ಕಾಯಿಸಿತ್ತು. ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲು ಅವಳ ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಮೀಟರು, ಇನ್ನೊಂದರಲ್ಲಿ ಉದ್ದನೆಯ ಬಿದಿರಿನ ಗಳ, ಗಳದ ತುದಿಗೆ ಕಟ್ಟಿದ ತಗಡಿನ ಚೌಕ ತುತ್ತೂರಿ. ಗಾಳಿಯಲ್ಲಿ ಹರಿಯುವ ಮೈಕ್ರೋವೇವ್ ಅಲೆಗಳನ್ನು ಹಿಡಿಯುವ ಕಿವಿ ಅದು.

"ಅಲ್ಫಿಯಾ, ನನ್ನ ಕಾಲ ಬುಡಕ ಗೆರಿ ಹಾಕವಾ. ಎಷ್ಟು ಡಿಗ್ರಿ ಆತು ನೋಡು."

'ನಿಕಷ' ಪರೀಕ್ಷಾ ಸಂಸ್ಥೆಯ ಎಂಜಿನಿಯರ್ ಅಲ್ಫಿಯಾ ಸೀಮೆಸುಣ್ಣ ಹಿಡಿದು ಬಗ್ಗಿದಳು. ಟೇಪು ಎಳೆದಳು, ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು.

"ಮೂವತ್ತೇಳು, ಮೇಡಮ್. ಪಶ್ಚಿಮಕ್ಕ."

"ಪೂರ್ವದಾಗ ಮೂವತ್ತೇಳಕ್ಕ ಏನಿತ್ತು?"

"ಏನೂ ಇದ್ದಿಲ್ರಿ. ಮುಳ್ಳು ಅಲುಗಾಡಲಿಲ್ಲ."

ನಾಹಿದಾ ಮುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಹದಿನಾರು ವರ್ಷ ರೈಲ್ವೆಯ ಟೆಲಿಕಾಂ ವಿಭಾಗದಲ್ಲಿ ಟವರುಗಳನ್ನು ಹತ್ತಿಳಿದವಳು ಅವಳು. ಆ ಕೆಲಸ ಬಿಟ್ಟು ದುರ್ಗದಬೈಲಿನ ಬಳೆ ಅಂಗಡಿಯೊಂದರ ಮೇಲಿನ ಕೋಣೆಗೆ ಪತ್ತೇದಾರಿಯ ಬೋರ್ಡು ಹಾಕಿ ಆರು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಹಳೆಯ ವಿದ್ಯೆಯೂ ಹೊಸ ಕಸುಬೂ ಹೀಗೆ ಒಂದೇ ಮುಳ್ಳಿನ ತುದಿಯಲ್ಲಿ ಕೂಡಿದ್ದು ಇದೇ ಮೊದಲು.

ಟೆರೇಸಿನ ಉತ್ತರದ ತುದಿಯಲ್ಲಿ ಎಂಟಡಿ ಕಂಬದ ಮೇಲೆ ಬೋಗುಣಿಯಂಥ ಆಂಟೆನಾ ದಕ್ಷಿಣಕ್ಕೆ ಮುಖಮಾಡಿತ್ತು. ಊರಿನ ಮೇಲಿಂದ ಹಾಯ್ದು ಗಬ್ಬೂರ ಬೈಪಾಸಿನ ಪಕ್ಕದ ಛಾಪಖಾನೆಗೆ ಅದು ಪ್ರಶ್ನೆಪತ್ರಿಕೆ ಮುಟ್ಟಿಸುತ್ತಿತ್ತು. ಎರಡು ತಿಂಗಳ ಹಿಂದೆ ನಿಕಷ ನಡೆಸಿದ ನೇಮಕಾತಿ ಪರೀಕ್ಷೆಯ ಪತ್ರಿಕೆ ದಾರಿಯಲ್ಲೇ ಸೋರಿಹೋಗಿತ್ತು. ಸೋರಿಕೆ ತಡೆಯಲು ಬಂದ ನಿವೃತ್ತ ಅಧ್ಯಾಪಕ ಯಮನಪ್ಪ ದೊಡಮನಿ ಎಂಟು ದಿನದ ಹಿಂದೆ ಇದೇ ಟೆರೇಸಿನ ಕಬ್ಬಿಣದ ಏಣಿಯಿಂದ ಕೆಳಗೆ ಬಿದ್ದು, ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದರು.

ಯಾವ ಆಂಟೆನಾವೂ ಪೂರ್ತಿ ನೇರಕ್ಕೆ ಮಾತಾಡುವುದಿಲ್ಲ. ಮುಖ್ಯ ಧಾರೆ ಎದುರಿಗೆ ಹೋದರೂ ಅಷ್ಟಿಷ್ಟು ಅಕ್ಕಪಕ್ಕಕ್ಕೆ ಚೆಲ್ಲುತ್ತದೆ. ಎಂಜಿನಿಯರುಗಳು ಅದನ್ನು ಸೈಡ್‌ಲೋಬ್ ಎನ್ನುತ್ತಾರೆ. ಆ ಚೆಲ್ಲಿದ್ದನ್ನು ಪಕ್ಕದಲ್ಲಿ ಕೂತು ಹಿಡಿದುಕೊಂಡರೆ ಸಾಕು, ಎದುರಿಗೆ ಹೋಗುವುದೆಲ್ಲ ಕೇಳುತ್ತದೆ.

ಅದಕ್ಕೆ ಯಮನಪ್ಪ ಸರ್ ಕಂಡುಕೊಂಡಿದ್ದ ಮದ್ದು ಆಂಟೆನಾದ ಮುಂದೆ ನಿಂತಿತ್ತು. ಒಂದರ ಹಿಂದೆ ಒಂದು ಮೂರು ಅಲ್ಯೂಮಿನಿಯಂ ಹಾಳೆ, ಹಾಳೆಗಳ ತುಂಬ ಸಾಲಾಗಿ ತೂತು. ಹಾಳೆಗಳ ನಡುವಿನ ಅಂತರ ಸರಿಯಾಗಿದ್ದರೆ ನೇರ ಬಂದ ಅಲೆ ದಾಟುತ್ತದೆ, ಓರೆಯಾಗಿ ಬಂದದ್ದು ಅಲ್ಲೇ ಸಾಯುತ್ತದೆ. ಸರ್ ಅದಕ್ಕೆ 'ದಿಕ್ಕಿನ ಸಾಣಿಗಿ' ಅಂತ ಹೆಸರಿಟ್ಟಿದ್ದರು. ಜೋಳದ ಹಿಟ್ಟನ್ನು ಸಾಣಿಗೆ ಸೋಸಿದ ಹಾಗೆ ಇದು ದಿಕ್ಕನ್ನು ಸೋಸುತ್ತದೆ.

ಆ ಸಾಣಿಗೆಯಲ್ಲಿ ಈಗ ಎಲ್ಲೋ ಒಂದು ಕಡೆ ಹರಿದಿತ್ತು.

"ಸಾಣಿಗಿ ಕೆಟ್ಟದೇನ್ರಿ?" ನೆರಳಿನಲ್ಲಿ ನಿಂತಿದ್ದ ನಿಕಷದ ಮ್ಯಾನೇಜರ್ ಪ್ರತಾಪ ಹತ್ತಿರ ಬಂದ. ನಾಹಿದಾಳಿಗೆ ಈ ಕೆಲಸ ಒಪ್ಪಿಸಿದವನು ಅವನೇ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಮುಖ.

"ಕೆಟ್ಟಿಲ್ಲ ಅನಸ್ತದ. ಏಣಿ ಹಿಡೀರಿ, ಹತ್ತಿ ನೋಡ್ತೇನಿ."

ಏಣಿ ಎಂದ ಕೂಡಲೇ ಪ್ರತಾಪನ ಮುಖ ಬಿಳಿಚಿತು. ನಾಹಿದಾ ಅದನ್ನು ಗಮನಿಸಿದಳು. ಆದರೂ ಹತ್ತಿದಳು.

ಚೀಲದಲ್ಲಿ ಯಮನಪ್ಪ ಸರ್ ಅವರದೇ ವರ್ನಿಯರ್ ಮಾಪಕ ಇತ್ತು. ನಿನ್ನೆ ಸಂಜೆ ಅವರ ಮಗಳು ಮಾಯಾ ಅದನ್ನು ತಂದುಕೊಟ್ಟಿದ್ದಳು, ಅಪ್ಪನ ನೋಟ್‌ಬುಕ್ಕಿನ ಜೊತೆಗೆ. ಧಾರವಾಡದ ಕೋಚಿಂಗ್ ಕ್ಲಾಸೊಂದರಲ್ಲಿ ಗಣಿತ ಹೇಳುವ ಹುಡುಗಿ. ಎಂಟು ದಿನದಿಂದ ಕ್ಲಾಸು ಬಿಟ್ಟು ಅಪ್ಪನ ಮಂಚದ ಪಕ್ಕದಲ್ಲೇ ಕೂತಿದ್ದಳು.

ನಾಹಿದಾ ಹಾಳೆಗಳ ನಡುವೆ ಸಿಕ್ಕಿಸಿದ ಬಿಳಿ ನೈಲಾನ್ ಬುಶ್‌ಗಳನ್ನು ಒಂದೊಂದಾಗಿ ಅಳೆಯುತ್ತ ಹೋದಳು. ಹಾಳೆಗಳ ಅಂತರ ಕಾಯುವ ಕೆಲಸ ಈ ಗಿಡ್ಡ ಕೊಳವೆಗಳದು.

"ಬರಕೋ, ಅಲ್ಫಿಯಾ. ಪೂರ್ವದ ಅಂಚು, ಇಪ್ಪತ್ತು ಮಿಲಿಮೀಟರ್. ಇಪ್ಪತ್ತು. ಇಪ್ಪತ್ತು. ನಟ್ಟನಡುವ ಇಪ್ಪತ್ತು."

ಏಣಿ ಸರಿಸಿ ಪಶ್ಚಿಮದ ಅಂಚಿಗೆ ಬಂದಳು. ವರ್ನಿಯರಿನ ಬಾಯಿ ಬುಶ್ಶನ್ನು ಕಚ್ಚಿತು.

"ಇಪ್ಪತ್ತೈದು."

ವರ್ನಿಯರನ್ನು ಮುಂದಿನ ಬುಶ್ಶಿಗೆ ಸರಿಸಿದಳು.

"ಇಪ್ಪತ್ತೈದು. ಇದೂ ಇಪ್ಪತ್ತೈದು. ಎಂಟಕ್ಕ ಎಂಟೂ ಇಪ್ಪತ್ತೈದು."

ಅವಳು ಒಂದು ಬುಶ್ ಬಿಚ್ಚಿಕೊಂಡು, ಅದರ ಜಾಗಕ್ಕೆ ತಾತ್ಕಾಲಿಕವಾಗಿ ಮರದ ಬೆಣೆ ತುರುಕಿ ಇಳಿದಳು. ಪ್ಯಾಂಟಿನ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೇ ಲೆಕ್ಕ ಹಾಕಿದಳು. ಈ ಅಲೆಯ ಉದ್ದ ನಲವತ್ತು ಮಿಲಿಮೀಟರು. ಅದರ ಅರ್ಧ ಇಪ್ಪತ್ತು; ನೇರ ದಾಟಬೇಕಾದರೆ ಇರಬೇಕಾದ ಅಂತರ. ಅಂತರ ಇಪ್ಪತ್ತೈದಾದರೆ ದಾಟುವ ದಾರಿ ಓರೆಯಾಗುತ್ತದೆ. ಇಪ್ಪತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ ಸೊನ್ನೆ ಬಿಂದು ಎಂಟು. ಕೊಸೈನ್ ಅಷ್ಟಿರುವ ಕೋನ ಎಷ್ಟು?

"ಮೂವತ್ತೇಳು," ಅಂದಳು ಅಲ್ಫಿಯಾ, ಅವಳ ಅಂಗೈ ನೋಡುತ್ತ. ದನಿ ಪಿಸುಮಾತಿಗೆ ಇಳಿದಿತ್ತು.

"ಹಾಂ. ಇದು ಕೆಟ್ಟದ್ದಲ್ಲ, ಪ್ರತಾಪ. ಲೆಕ್ಕ ಹಾಕಿ ತೆರೆದ ಕಿಟಕಿ. ನಡುವಿನ ಭಾಗ ಹಂಗ ಐತಿ, ಅದಕ್ಕ ಗಬ್ಬೂರಿಗಿ ಸಿಗ್ನಲ್ ಛಲೋ ಹೋಗತೈತಿ, ನಿಮಗ ಯಾರಿಗೂ ಗೊತ್ತಾಗಿಲ್ಲ. ಅಂಚಿನಾಗ ಅಷ್ಟ ಒಂದು ಸಂದಿ ಬಿಟ್ಟಾರ. ಮೊದಲು ಸೋರತಿದ್ದದ್ದೂ ಈ ದಿಕ್ಕಿಗೇ."

"ಹಂಗಾದರ ಈಗಿಂದೀಗ ಮುಚ್ಚಿಸ್ರಿ. ನಾಡದು ಐತವಾರ ಪರೀಕ್ಷಾ. ಹನ್ನೊಂದು ಸಾವಿರ ಮಂದಿ ಬರಿಯೋರಿದ್ದಾರ. ಹೋದ ಸಲ ಪರೀಕ್ಷಾ ರದ್ದಾದ ಮ್ಯಾಲೆ ಒಬ್ಬ ಹುಡುಗಿ ನಮ್ಮ ಆಫೀಸಿನ ಮುಂದ ಇಡೀ ದಿನ ಕುಂತಿದ್ಲು, ಒಂದ ಮಾತು ಆಡಲಿಲ್ಲ. ಅದನ್ನ ಮತ್ತ ನೋಡಾಕ ನನ್ನ ಕೈಲೆ ಆಗಂಗಿಲ್ಲ."

"ಮುಚ್ಚಿದರ ಕೇಳಾಕತ್ತಾವಗ ಗೊತ್ತಾಗತೈತಿ. ಗಂಟು ಕಟಗೊಂಡು ಹೋಗಿಬಿಡ್ತಾನ. ನಾ ಹೇಳೋತನಕ ಇದನ್ನ ಯಾರೂ ಮುಟ್ಟಬಾರದು. ಅಲ್ಫಿಯಾ, ಎಂಟು ಇಪ್ಪತ್ತರ ಬುಶ್ ತಯಾರ ಇಟಗೊಂಡಿರು. ನಾ ಫೋನ್ ಮಾಡಿದ ಕೂಡ್ಲೆ ಬದಲಸಬೇಕು. ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ, ಮೇಡಮ್."

ನಾಹಿದಾ ಬುಶ್ಶನ್ನು ಬಿಸಿಲಿಗೆ ಹಿಡಿದು ತಿರುಗಿಸಿದಳು. ಎರಡೂ ತುದಿಯ ಅಂಚನ್ನು ಕೂದಲೆಳೆಯಷ್ಟು ಸವರಿ ದುಂಡಗೆ ಮಾಡಿತ್ತು. ಯಾರೂ ನೋಡದ ಜಾಗಕ್ಕೂ ಇಷ್ಟು ನಯಮಾಡುವ ಕೈ ಈ ಊರಿನಲ್ಲಿ ಒಂದೇ ಇತ್ತು. ಅದು ಗಬ್ಬೂರಿನಲ್ಲಿತ್ತು.

*

ಅಲ್ಲಾವುದ್ದೀನ ಚಾಚಾನ ಶೆಡ್ಡು ಬೈಪಾಸಿನಿಂದ ಒಳಗೆ, ಲಾರಿ ಬಾಡಿ ಕಟ್ಟುವವರ ಸಾಲಿನ ಕೊನೆಗೆ. ನಾಹಿದಾ ಸ್ಕೂಟರ್ ನಿಲ್ಲಿಸುವಾಗ ಗಂಟೆ ಹನ್ನೆರಡೂವರೆ. ಲೇತ್ ಯಂತ್ರ ನಿಂತಿತ್ತು. ಚಾಚಾ ಎಣ್ಣೆಗೈ ತೊಳೆದುಕೊಂಡು, ಇಸ್ತ್ರಿಯ ಬಿಳಿ ಜುಬ್ಬಾ ತೊಟ್ಟು, ಜುಮ್ಮಾ ನಮಾಜಿಗೆ ಹೊರಡುವ ತಯಾರಿಯಲ್ಲಿದ್ದ.

ಇಬ್ಬರ ಮನೆಮಾತೂ ಉರ್ದುವೇ. ಆದರೆ ಶೆಡ್ಡಿನೊಳಗೆ ಕಾಲಿಟ್ಟರೆ ಚಾಚಾನ ಮಾತು ಕನ್ನಡವೇ. ಅರವತ್ತೆರಡು ವರ್ಷದಲ್ಲಿ ನಲವತ್ತೈದನ್ನು ಅವನು ಈ ಯಂತ್ರಗಳ ಸದ್ದಿನಲ್ಲಿ, ಎಲ್ಲ ಜಾತಿಯ ಗಿರಾಕಿಗಳ ನಡುವೆ ಕಳೆದಿದ್ದ.

"ಬಾ ಬೇಟಿ. ನಮಾಜಿಗಿ ಹೊಂಟೇನಿ. ಎರಡು ಗಂಟೆಕ ಬರ್ತಿ ಏನು?"

"ಒಂದ ಮಾತು ಚಾಚಾ. ಯಮನಪ್ಪ ಸರ್‌ಗೆ ನೀವು ಎಷ್ಟು ಉದ್ದದ ಬುಶ್ ಮಾಡಿ ಕೊಟ್ಟಿದ್ರಿ?"

"ಇಪ್ಪತ್ತರವು. ಹೋದ ವಾರನ ಹೇಳೇನಲಾ."

"ಎಲ್ಲಾ ಇಪ್ಪತ್ತರವ?"

"ಎಲ್ಲಾ."

ನಾಹಿದಾ ಮುಷ್ಟಿ ಬಿಚ್ಚಿ ಬುಶ್ಶನ್ನು ಲೇತಿನ ಮೇಲೆ ನಿಲ್ಲಿಸಿದಳು. ಪಕ್ಕದಲ್ಲಿ ವರ್ನಿಯರ್ ಇಟ್ಟಳು.

ಚಾಚಾ ಅದನ್ನು ಮುಟ್ಟಲಿಲ್ಲ. ಅಳೆಯುವ ಗೋಜಿಗೂ ಹೋಗಲಿಲ್ಲ. ಅವನ ಕಣ್ಣಿಗೆ ಅಳತೆ ಬೇಕಿರಲಿಲ್ಲ.

"ಇದು ನಂದಲ್ಲ," ಅಂದ.

"ಅಂಚು ನೋಡ್ರಿ."

"ಅಂಚು ಯಾರ ಬೇಕಾದರೂ ಸವರತಾರ."

"ಬಾಜೂ ಶೆಡ್‌ನ್ಯಾಗ ಕೇಳಿಕೊಂಡು ಬಂದೇನಿ ಚಾಚಾ. ಅವರು ನಕ್ಕರು. ನೈಲಾನಿಗಿ ಯಾರು ಅಂಚು ಸವರತಾರ, ಚಾಚಾಗ ಅಷ್ಟ ಆ ಹುಚ್ಚು ಅಂದ್ರು."

ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು. ಚಾಚಾ ಟೋಪಿಯನ್ನು ತಲೆಯಿಂದ ತೆಗೆದ, ಮತ್ತೆ ಇಟ್ಟುಕೊಂಡ.

"ಹೊತ್ತಾಗತೈತಿ. ನಾ ಹೋಗಬೇಕು."

ನಾಹಿದಾ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಬದಲಿಗೆ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹೋಗ್ರಿ. ನಿಮ್ಮನ್ನ ತಡಿಯೋಕಿ ನಾ ಯಾರು. ಆದರ ಅಲ್ಲಿ ಹೋಗಿ ನಿಂತು, ಕೈ ಎತ್ತಿ ದುವಾ ಬೇಡೋ ಹೊತ್ತಿನಾಗ, ಬಾಯಾಗ ಈ ಸುಳ್ಳು ಇಟಗೊಂಡು ಹೆಂಗ ಬೇಡ್ತೀರಿ? ಎಂಟು ದಿನಾ ಆತು ಸರ್ ಬಿದ್ದು. ನಲವತ್ತು ವರ್ಷದ ದೋಸ್ತಿ ಅಂತಿದ್ರಿ. ಒಂದ ಸಲಾನೂ ಆಸ್ಪತ್ರಿಗಿ ಹೋಗಿಲ್ಲ ನೀವು. ನಾ ರಿಜಿಸ್ಟರ್ ನೋಡೇನಿ."

ಚಾಚಾ ಹೊಸ್ತಿಲವರೆಗೆ ಹೋದ. ಅಲ್ಲಿ ನಿಂತ. ಜುಬ್ಬಾದ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು.

"ಯಾರ ಮುಂದೂ ಹೇಳಂಗಿಲ್ಲ ಅಂತ ಕಸಮ್ ಹಾಕಿಸ್ಕೊಂಡಾನ ಆಂವಾ," ಅಂದ, ತಿರುಗದೆ.

"ಯಾರು?"

"ಇನ್ಯಾರು. ಯಮನಪ್ಪ."

ನಾಹಿದಾಳ ಕೈ ತಾನಾಗಿ ಲೇತಿನ ಅಂಚನ್ನು ಹಿಡಿಯಿತು. ಬಂದ ದಾರಿಯುದ್ದಕ್ಕೂ ಅವಳು ಮೂರು ಹೆಸರು ಯೋಚಿಸಿದ್ದಳು. ಇದು ಅವುಗಳಲ್ಲಿ ಇರಲಿಲ್ಲ.

"ಸರ್ ತಾವಾಗೇ ಬಂದು ಮಾಡಿಸ್ಕೊಂಡ್ರಾ?"

"ಬೀಳೂಕಿಂತ ಎರಡು ದಿನಾ ಮೊದಲು. ಮಧ್ಯಾಹ್ನ ಬಂದಾ. ಚಾ ತರಿಸಿದ್ನಿ, ಕುಡೀಲಿಲ್ಲ. ಇಪ್ಪತ್ತೈದರವು ಎಂಟು ಮಾಡಿಕೊಡು ಅಂದಾ. ಇಪ್ಪತ್ತಂದ್ರ ಇಪ್ಪತ್ತ, ಒಂದು ದಾರ ಹೆಚ್ಚಾದ್ರೂ ಸಾಣಿಗಿ ಕೆಡತೈತಿ ಅಂತ ನನಗ ಬೈದು ಕಲಿಸಿದಾಂವ ನೀನ, ಈಗ ಇಪ್ಪತ್ತೈದು ಅಂತಿ, ತಲಿ ಕೆಟ್ಟೈತೇನು ಅಂದ್ನಿ."

"ಏನಂದ್ರು?"

ಚಾಚಾ ತಿರುಗಿದ. ಕಣ್ಣು ಕೆಂಪಗಾಗಿದ್ದವು.

"ಬಾಗಲಾ ಹಾಕಿದರ ಕಳ್ಳ ಬರಂಗಿಲ್ಲ, ಅಲ್ಲಾವುದ್ದೀನ, ಒಂದು ಸ್ವಲ್ಪ ತೆರದ ಇಡಬೇಕು, ಅಂದಾ. ಯಾರು ಬರ್ತಾರ ಅಂತ ನಾ ಖುದ್ದ ನೋಡಬೇಕು. ಪೊಲೀಸರಿಗಿ ಹೇಳಬ್ಯಾಡ, ಪ್ರತಾಪಗ ಹೇಳಬ್ಯಾಡ. ನನ್ನ ಮಾತ ಖರೇ ಆಗಬಾರದು ಅಂತ ದುವಾ ಮಾಡು ಅಂದಾ. ಆಂವಾ ಯಾವಾಗೂ ದುವಾ ಗಿವಾ ಅನ್ನೋ ಮನಶ್ಯಾ ಅಲ್ಲ, ಬೇಟಿ."

"ಯಾರ ಮ್ಯಾಲೆ ಸಂಶಯ ಇತ್ತು ಅವರಿಗೆ?"

"ಹೇಳಲಿಲ್ಲ. ಹೆಸರು ಬಾಯಿತನಕ ಬಂದಿತ್ತು. ನುಂಗಿದಾ." ಚಾಚಾ ಬುಶ್ಶನ್ನು ಈಗ ಕೈಗೆತ್ತಿಕೊಂಡ. "ಮುಂದ ಎರಡು ದಿನಕ್ಕ ಬಿದ್ದಾ ಅಂತ ಸುದ್ದಿ ಬಂತು. ನಾ ಮಾಡಿಕೊಟ್ಟಿದ್ದಕ್ಕ ಬಿದ್ದಾ ಅನಿಸಿತು. ಯಾವ ಮಾರಿ ಇಟಗೊಂಡು ಆಸ್ಪತ್ರಿಗಿ ಹೋಗ್ಲಿ?"

ನಾಹಿದಾ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಅವನ ಕೈಗಿಟ್ಟಳು. ಅವನು ಅರ್ಧ ಕುಡಿದು, ಉಳಿದದ್ದರಿಂದ ಮುಖ ತೊಳೆದುಕೊಂಡು ಮಸೀದಿಯ ಕಡೆ ಹೊರಟ. ನಾಲ್ಕು ಹೆಜ್ಜೆ ಹೋದವನು ನಿಂತು, "ಇವತ್ತು ಸಂಜಿಕ ಹೋಗ್ತೇನಿ ಆಸ್ಪತ್ರಿಗಿ," ಅಂದ.

ಸ್ಕೂಟರಿನ ಬಳಿ ಬರುವಷ್ಟರಲ್ಲಿ ಫೋನು ರಿಂಗಾಯಿತು. ಮಾಯಾ.

"ಅಕ್ಕಾರ, ಏನರ ಗೊತ್ತಾತೇನ್ರಿ?"

"ಸರ್ ಹೆಂಗದಾರ?"

"ಹಂಗ ಅದಾರ್ರೀ. ಡಾಕ್ಟರು ಇನ್ನೂ ಎರಡು ದಿನಾ ನೋಡೋಣ ಅಂದ್ರು. ನೀವು ಹೇಳ್ರಿ, ಸಾಣಿಗಿ ನೋಡಿದ್ರೇನು?"

ಅಪ್ಪನೇ ಕಿಟಕಿ ತೆರೆದಿದ್ದ ಎಂದು ಆ ಮಗುವಿಗೆ ಫೋನಿನಲ್ಲಿ ಹೇಗೆ ಹೇಳುವುದು? ನಾಹಿದಾಳಿಗೆ ಒಂದಿಡೀ ಪುಟ ಹರಿದುಹೋಗಿದ್ದ ಆ ನೋಟ್‌ಬುಕ್ಕು ನೆನಪಾಯಿತು. ಕೇಳಿದ್ದಕ್ಕೆ ಮಾಯಾ, ಅಪ್ಪ ಕಿರಾಣಿ ಯಾದಿಗೂ ಅದರ ಹಾಳೆಯನ್ನೇ ಹರಿಯುತ್ತಾರೆ ಎಂದು ಅಳುತ್ತ ನಕ್ಕಿದ್ದಳು.

"ಇನ್ನೂ ನೋಡಾಕತ್ತೇನಿ ತಂಗಿ. ನೀ ಒಂದಿಷ್ಟು ಉಂಡು ಮಲಕೋ."

*

ಬೆಂಗೇರಿಯಿಂದ ಗಬ್ಬೂರಿಗೆ ಒಂದು ಗೆರೆ. ಆ ಗೆರೆಯಿಂದ ಪಶ್ಚಿಮಕ್ಕೆ ಮೂವತ್ತೇಳು ಡಿಗ್ರಿಗೆ ಇನ್ನೊಂದು. ಢಾಬಾದ ಮೇಜಿನ ಮೇಲೆ ಊರಿನ ನಕಾಶೆ ಹರಡಿ, ಶಾಲೆಮಕ್ಕಳ ಕೋನಮಾಪಕ ಇಟ್ಟು ನಾಹಿದಾ ಎರಡನೆಯ ಗೆರೆ ಎಳೆದಳು. ಅದು ಕೇಶ್ವಾಪುರದ ಮೇಲೆ ಹಾಯ್ದು, ರೈಲು ಹಳಿಗಳನ್ನು ದಾಟಿ, ಹಳೇ ಹುಬ್ಬಳ್ಳಿಯ ಅಂಚಿಗೆ ಹೋಗಿ ಬಿತ್ತು.

ಗೆರೆಯ ಮೇಲೆ ಎಲ್ಲಿ ಬೇಕಾದರೂ ಕಿವಿ ಇರಬಹುದು. ಆದರೆ ಬೆಂಗೇರಿಯ ಆಂಟೆನಾ ಕಣ್ಣಿಗೆ ಕಾಣುವಷ್ಟು ಎತ್ತರದಲ್ಲಿರಬೇಕು. ನಡುವೆ ಕಟ್ಟಡ ಅಡ್ಡಬಂದರೆ ಏನೂ ಕೇಳಿಸುವುದಿಲ್ಲ. ಅಂಥ ಜಾಗಗಳು ಹೆಚ್ಚಿರಲಿಲ್ಲ. ಮೊದಲನೆಯದು ಒಂದು ಕಲ್ಯಾಣಮಂಟಪದ ಮಾಳಿಗೆ, ಮುಳ್ಳು ಸಣ್ಣಗೆ ಎದ್ದಿತು, ಆದರೆ ಅಲ್ಲಿ ಪಾರಿವಾಳ ಬಿಟ್ಟರೆ ಏನಿಲ್ಲ. ಎರಡನೆಯದು ಕಟ್ಟುತ್ತಿದ್ದ ಅಪಾರ್ಟ್‌ಮೆಂಟ್, ಖಾಲಿ. ಮೂರೂವರೆಗೆ ಅವಳು ಹಳಿಯಾಚೆಗಿನ ಏರಿನ ಓಣಿಯಲ್ಲಿ ಎರಡಂತಸ್ತಿನ ಮನೆಯೊಂದರ ಬಾಗಿಲು ಬಡಿದಳು.

ಬಾಗಿಲು ತೆರೆದವಳು ಹೊಳೆವ್ವ, ಎಪ್ಪತ್ತರ ಮುದುಕಿ, ಖಾರದ ಘಾಟಿಗೆ ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು.

"ಮಾಳಿಗಿ ಮ್ಯಾಲೆ ಒಂದಿಷ್ಟು ಹೋಗಲೇನ್ರಿ ಅಮ್ಮಾ? ಫೋನಿನ ಸಿಗ್ನಲ್ ನೋಡಬೇಕಾಗೇತಿ."

"ಹೋಗವಾ, ಮೆಣಸಿನಕಾಯಿ ತುಳೀಬ್ಯಾಡ ಅಷ್ಟ. ನಮ್ಮ ಓಣ್ಯಾಗ ಸಿಗ್ನಲ್ಲೂ ಇಲ್ಲ, ನೀರೂ ಇಲ್ಲ."

ಮಾಳಿಗೆಯ ತುಂಬ ಬ್ಯಾಡಗಿ ಮೆಣಸಿನಕಾಯಿ ಕೆಂಪಗೆ ಒಣಗುತ್ತಿತ್ತು. ನಾಹಿದಾ ಅಂಚಿನಲ್ಲೇ ಕಾಲಿಟ್ಟು ಹೋಗಿ, ತುತ್ತೂರಿಯನ್ನು ಬೆಂಗೇರಿಯ ಕಡೆ ಎತ್ತಿದಳು.

ಮುಳ್ಳು ಒಂದೇ ನೆಗೆತಕ್ಕೆ ಮೇಲೆ ಹೋಯಿತು.

ಅವಳು ನಿಧಾನಕ್ಕೆ ಸುತ್ತಲೂ ನೋಡಿದಳು. ಡಿಶ್ ಇಲ್ಲ, ಕಂಬವಿಲ್ಲ. ಗೋಡೆಗೆ ಗೋಡೆ ಹಚ್ಚಿ ನಿಂತ ಪಕ್ಕದ ಮನೆಯ ಮಾಳಿಗೆಯಲ್ಲಿ ಒಂದು ಕೋಣೆ, ಕೋಣೆಯ ಪಕ್ಕ ದಿಂಡುಗಲ್ಲಿನ ಮೇಲೆ ಎರಡು ನೀರಿನ ಟಾಕಿ. ಒಂದು ಸಿಮೆಂಟಿನದು, ಒಂದು ಕರಿ ಪ್ಲಾಸ್ಟಿಕ್ಕಿನದು.

"ಅಮ್ಮಾ, ಈ ಬಾಜೂಮನಿ ಯಾರದು?"

"ಮಾಲಕರು ಬೆಳಗಾಂವ್ಯಾಗ ಇರತಾರ. ಮ್ಯಾಲಿನ ಖೋಲಿ ಯಾರಿಗೋ ಓದಾಕ ಅಂತ ಬಾಡಿಗಿ ಕೊಟ್ಟಾರಂತ. ಓದವ್ರನ್ನ ನಾ ಒಬ್ಬರನ್ನೂ ನೋಡಿಲ್ಲ." ಹೊಳೆವ್ವ ಮೆಟ್ಟಿಲ ಮೇಲೇ ನಿಂತು ಉಸಿರು ಹಾಕಿದಳು. "ಹುಚ್ಚ ಮಂದಿ. ಎಂಟು ದಿನಕ್ಕೊಮ್ಮೆ ನೀರು ಬಿಡತಾರ. ಓಣಿ ಮಂದಿಯೆಲ್ಲಾ ಬಕೀಟಿನಾಗೂ ತುಂಬಿ ಇಟಗೋತೇವಿ. ಅವರು ಆ ಕರಿ ಟಾಕಿಗೆ ಒಂದು ಹನಿ ಹಾಕ್ಸಿಲ್ಲ. ಪೈಪ ಇಲ್ಲ ಅದಕ್ಕ, ನೋಡು."

ನಾಹಿದಾ ನೋಡಿದಳು. ನಿಜ. ಕರಿ ಟಾಕಿಗೆ ನೀರು ಬರುವ ಪೈಪೂ ಇರಲಿಲ್ಲ, ಹೋಗುವ ಪೈಪೂ ಇರಲಿಲ್ಲ. ಬುಡದಿಂದ ಒಂದು ಕಪ್ಪು ಕೇಬಲ್ ಮಾತ್ರ ಹೊರಟು ಕೋಣೆಯ ಕಿಟಕಿಯೊಳಗೆ ನುಗ್ಗಿತ್ತು. ಪ್ಲಾಸ್ಟಿಕ್ಕು ಅಲೆಗಳಿಗೆ ಗೋಡೆಯಲ್ಲ; ಅದರೊಳಗೆ ಕೂತವನಿಗೆ ಎಲ್ಲ ಕೇಳುತ್ತದೆ, ಹೊರಗಿನವರಿಗೆ ಅವನು ಕಾಣುವುದಿಲ್ಲ.

"ಅಮ್ಮಾ, ನೀವು ಕೆಳಗ ಹೋಗಿ ಬಾಗಲಾ ಹಾಕ್ಕೊಳ್ರಿ. ನಾ ಕರಿಯೋತನಕ ತೆರಿಬ್ಯಾಡ್ರಿ."

ಹೊಳೆವ್ವ ಅವಳ ಮುಖ ನೋಡಿದಳು. ಇದು ಫೋನಿನ ಸಿಗ್ನಲ್ಲಿನ ವಿಷಯವಲ್ಲ ಎಂದು ತಿಳಿಯಿತೋ ಏನೋ, ಏನೂ ಕೇಳದೆ ಇಳಿದುಹೋದಳು.

ಮೊಣಕಾಲೆತ್ತರದ ಗೋಡೆಯನ್ನು ನಾಹಿದಾ ದಾಟಿದಳು. ಕೋಣೆಗೆ ಬೀಗ. ಟಾಕಿಯ ಮುಚ್ಚಳ ಎತ್ತಿದಳು. ಒಳಗೆ, ಕಾಯ್ದ ಪ್ಲಾಸ್ಟಿಕ್ಕಿನ ವಾಸನೆಯ ನಡುವೆ, ಎರಡಡಿಯ ಡಿಶ್ ಬೆಂಗೇರಿಯತ್ತ ಮುಖ ಮಾಡಿ ಕೂತಿತ್ತು. ಅದರ ಕಾಲ ಬಳಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರ ಮೇಲೆ ಒಂದು ಹಸಿರು ದೀಪ, ರೆಪ್ಪೆ ಹೊಡೆಯದೆ ಉರಿಯುತ್ತಿತ್ತು.

ಅವಳಿಗೆ ಕುಣಿಯಬೇಕೆನಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ಉಸಿರು ಹತೋಟಿಗೆ ತಂದುಕೊಂಡಳು. ಯಮನಪ್ಪ ಸರ್ ನಿಲ್ಲಬೇಕೆಂದುಕೊಂಡಿದ್ದ ಜಾಗದಲ್ಲಿ ಈಗ ಅವಳು ನಿಂತಿದ್ದಳು. ಅವರು ಮಾಡಲಾಗದೆ ಉಳಿದ ಕೆಲಸ ಒಂದೇ: ಕಿಟಕಿ ಮುಚ್ಚಿ, ಯಾರು ಓಡಿಬರುತ್ತಾರೆ ಎಂದು ನೋಡುವುದು.

ಮೊದಲ ಫೋನು ಠಾಣೆಗೆ. ಪರಿಚಯದ ಹವಾಲ್ದಾರ ಮೈಲಾರಪ್ಪ ಅರ್ಧ ತಾಸಿನಲ್ಲಿ ಇಬ್ಬರನ್ನು ಕರೆದುಕೊಂಡು ಬರುವುದಾಗಿ ಹೇಳಿದ. ಎರಡನೆಯದು ಬೆಂಗೇರಿಗೆ.

"ಅಲ್ಫಿಯಾ, ಬದಲಸು. ಪ್ರತಾಪ ಎಲ್ಲದಾನ?"

"ಇಲ್ಲೇ ಅದಾರ ಮೇಡಮ್, ಏಣಿ ಹಿಡಕೊಂಡು ನಿಂತಾರ. ಬೆಳಿಗ್ಗಿಂದ ಟೆರೇಸ್ ಬಿಟ್ಟು ಇಳದಿಲ್ಲ."

ಪ್ರತಾಪನ ಹೆಸರಿನ ಮೇಲೆ ನಾಹಿದಾ ಮನಸ್ಸಿನಲ್ಲೇ ಒಂದು ಗೆರೆ ಎಳೆದಳು.

ಒಂದು ನಿಮಿಷ. ಮೂರು. ಏಳು. ಟಾಕಿಯ ಬಾಯಿಗೆ ಮುಖವಿಟ್ಟು ಅವಳು ಆ ಹಸಿರು ದೀಪವನ್ನೇ ನೋಡುತ್ತಿದ್ದಳು. ಒಂಬತ್ತನೆಯ ನಿಮಿಷಕ್ಕೆ ಅದು ಒಮ್ಮೆ ಮಿಟುಕಿತು, ಇನ್ನೊಮ್ಮೆ ಮಿಟುಕಿತು, ಕೆಂಪಾಯಿ­ತು.

ಆರು ಕಿಲೋಮೀಟರ್ ಆಚೆ ಒಂದು ಹೆಣ್ಣುಮಗಳು ಎಂಟು ಬುಶ್ ಬದಲಿಸಿದ್ದಳು, ಇಲ್ಲಿ ಕಳ್ಳಗಿವಿ ಕಿವುಡಾಗಿತ್ತು. ಸರ್ ಅವರ ಸಾಣಿಗೆ ಕೂದಲೆಳೆಯಷ್ಟೂ ಸುಳ್ಳು ಹೇಳಿರಲಿಲ್ಲ.

ನಾಹಿದಾ ಮುಚ್ಚಳ ಹಾಕಿ, ಸಿಮೆಂಟಿನ ಟಾಕಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಫೋನನ್ನು ಮೌನಕ್ಕೆ ಹಾಕಿದಳು.

ಎಷ್ಟು ಬೇಗ ಬರುತ್ತಾರೆ? ದೀಪ ಕೆಂಪಾದದ್ದು ಅವರ ಫೋನಿಗೂ ತಿಳಿದಿರುತ್ತದೆಯೆ? ಹತ್ತಿರದಲ್ಲೇ ಇರುತ್ತಾರೆಯೆ? ಕಾಲು ಜೋಮು ಹಿಡಿಯುವ ಹೊತ್ತಿಗೆ ಕೆಳಗೆ ಓಣಿಯಲ್ಲಿ ಬ್ರೇಕಿನ ಸದ್ದಾಯಿತು. ಬೀಗ ತೆರೆದ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿ, ಒಂದೇ ಜೊತೆ, ಹಗುರ, ಅವಸರದ್ದು.

ಅಷ್ಟರಲ್ಲಿ ಅಂಗೈಯಲ್ಲಿ ಫೋನು ನಡುಗಿತು. ಮಾಯಾ.

ಇಂಥ ಹೊತ್ತಿನಲ್ಲಿ ಎತ್ತಬಾರದು. ಆದರೆ ಎಂಟು ದಿನದಿಂದ ಮಾತಿಲ್ಲದ ಯಮನಪ್ಪ ಸರ್ ನೆನಪಾಗಿ ಅವಳ ಹೆಬ್ಬೆರಳು ತಡೆಯಲಿಲ್ಲ. ಎತ್ತಿ ಕಿವಿಗೆ ಒತ್ತಿಕೊಂಡಳು, ಮಾತಾಡಲಿಲ್ಲ.

"ಅಕ್ಕಾರ," ಮಾಯಾ ಏದುಸಿರು ಬಿಡುತ್ತಿದ್ದಳು. "ಅಪ್ಪಾ ಕಣ್ಣು ತೆರದಾರ್ರೀ. ನಿಮ್ಮ ಹೆಸರು ತಗೊಂಡ್ರು. ನಾ ಇಲ್ಲೇ ಅವರ ಮಂಚದ ಬಾಜೂಕ ಕುಂತೇನಿ. ಎಲ್ಲಾ ಬಿಟ್ಟು ಲಗೂ ಆಸ್ಪತ್ರಿಗಿ ಬರ್ರಿ."

ನಾಹಿದಾಳ ಕಣ್ಣಲ್ಲಿ ನೀರು ಬಂತು. ಎದ್ದು ಓಡಬೇಕೆನಿಸಿತು.

ಆಗ ಕೆಳಗಿನ ಓಣಿಯಲ್ಲಿ ಗುಜರಿ ಟೆಂಪೊ ಒಂದು ತಿರುವು ತೆಗೆದುಕೊಂಡಿತು. ಅದರ ಧ್ವನಿವರ್ಧಕ ಒಡಕು ದನಿಯಲ್ಲಿ ಕೂಗಿತು: "ಹಳೇ ಕಬ್ಬಣ, ಹಳೇ ಪೇಪರ್, ಒಡದ ಕೊಡಾ, ಮುರದ ಖುರ್ಚಿ."

ಎಡಗಿವಿಗೆ ಅದು ಓಣಿಯಿಂದ ಬಂತು.

ಬಲಗಿವಿಗೆ ಫೋನಿನೊಳಗಿಂದ ಬಂತು. ಅದೇ ಒಡಕು ದನಿ, ಅದೇ ಮುರಿದ ಖುರ್ಚಿ, ಅರೆಗಳಿಗೆ ತಡವಾಗಿ.

ಮೆಟ್ಟಿಲ ಮೇಲಿನ ಚಪ್ಪಲಿಯ ಸದ್ದು ನಿಂತಿತು. ಕೀಲಿಕೈ ಗೊಂಚಲು ಕಿಣಿಗುಟ್ಟಿತು.

"ಅಕ್ಕಾರ, ಕೇಳಸಾಕತ್ತದೇನ್ರಿ? ಈಗ ಎಲ್ಲದೀರಿ ನೀವು?"

ಆ ಪ್ರಶ್ನೆ ಎರಡು ಕಡೆಯಿಂದ ಬಂತು. ಒಂದು ಫೋನಿನಿಂದ, ಇನ್ನೊಂದು ಸಿಮೆಂಟಿನ ಟಾಕಿಯ ಆಚೆಯಿಂದ, ಮೂರು ಮಾರು ದೂರದಿಂದ.

ನಾಹಿದಾ ಫೋನನ್ನು ಕಿವಿಯಿಂದ ಇಳಿಸಿದಳು. ಮೈಲಾರಪ್ಪ ಬರಲು ಇನ್ನೂ ಹತ್ತು ನಿಮಿಷವಿತ್ತು. ಗೋಡೆಗೆ ಕೈಯಾನಿಸಿ ಎದ್ದು ನಿಂತು, ನೆರಳಿನಿಂದ ಬಿಸಿಲಿಗೆ ಬಂದಳು.

"ಇಲ್ಲೇ ಅದೇನಿ, ಮಾಯಾ," ಅಂದಳು.